ಮೊದಲು ಬಟ್ಟೆ, ಆಮೇಲೆ ಇಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತುದಿಯಲ್ಲಿರುವ ಮರದ ಅಡ್ಡೆಯ ಸಿಮೆಂಟ್ ಅಂಗಳದಲ್ಲಿ ಒಬ್ಬ ಹೆಂಗಸು ಬಾಯಲ್ಲಿ ನಾಲ್ಕಾರು ಕ್ಲಿಪ್ ಕಚ್ಚಿಕೊಂಡು ಏಣಿಯ ಮೇಲೆ ನಿಂತಿದ್ದಾರೆ. ಒಂದು ಕಂಬದಿಂದ ಇನ್ನೊಂದಕ್ಕೆ ಹಗ್ಗ ಬಿಗಿಯುತ್ತಾರೆ, ಹಗ್ಗಕ್ಕೆ ಬಟ್ಟೆ ಸಿಕ್ಕಿಸುತ್ತಾರೆ, ಇಳಿದು ಬಂದು ದೂರದಿಂದ ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಹತ್ತುತ್ತಾರೆ. ನೋಡನೋಡುತ್ತಿದ್ದಂತೆ ಖಾಲಿ ಅಂಗಳದಲ್ಲಿ ಒಂದು ಮಲಗುವ ಕೋಣೆ ಎದ್ದು ನಿಲ್ಲುತ್ತದೆ. ಅದಕ್ಕೆ ಅಂಟಿಕೊಂಡು ಬಚ್ಚಲುಮನೆ, ಅದರ ಮುಂದೆ ಉದ್ದನೆಯ ಹಾದಿ, ಹಾದಿಯ ಕೊನೆಯಲ್ಲಿ ತಿರುಗಿದರೆ ಅಡುಗೆಮನೆ. ಗೋಡೆಗಳೆಲ್ಲ ಬಟ್ಟೆಯವು. ಒಂದರ ಮೇಲೆ ಮಾಸಿದ ಗುಲಾಬಿ ಹೂಗಳಿದ್ದರೆ ಇನ್ನೊಂದರ ಮೇಲೆ ನೀಲಿ ಪಟ್ಟೆಗಳಿವೆ. ಬಚ್ಚಲಿನ ಗೋಡೆಯ ಮೇಲೆ, ಯಾವುದೋ ಮಗುವಿನ ಕೋಣೆಗೆಂದು ಹೊಲಿದ ಆನೆಗಳು ಸಾಲಾಗಿ ನಡೆಯುತ್ತಿವೆ.

ಬೀದಿಯವರು ಈಕೆಯನ್ನು ಕರೆಯುವುದು ಪರದೆಯಕ್ಕ ಎಂದು. ಮನೆ ಒಡೆದು ರಿಪೇರಿ ಮಾಡಿಸಬೇಕು ಎಂದುಕೊಂಡವರು ಮೊದಲು ಇವರ ಹತ್ತಿರ ಬರುತ್ತಾರೆ. ಹೊಸ ಮನೆ ಹೇಗಿರಬೇಕೋ ಹಾಗೆ, ಅದೇ ಅಳತೆಯಲ್ಲಿ, ಇವರು ಬಟ್ಟೆಯಲ್ಲಿ ಕಟ್ಟಿ ನಿಲ್ಲಿಸುತ್ತಾರೆ. ಮನೆಯವರು ಕೆಲವು ಬೆಳಗ್ಗೆ ಅದರೊಳಗೆ ಓಡಾಡಿ, ಬಗ್ಗಿ, ಎದ್ದು, ಬಾಗಿಲು ತೆಗೆದು ಹಾಕಿ ನೋಡುತ್ತಾರೆ. ಬಟ್ಟೆಯ ಮೇಲೆ ಮೊಣಕೈ ಎತ್ತರದಲ್ಲಿ ಒಂದು ಸಾಲು, ಪಾದದ ಎತ್ತರದಲ್ಲಿ ಇನ್ನೊಂದು ಸಾಲು ಕಿರುಗಂಟೆಗಳನ್ನು ಹೊಲಿದಿದ್ದಾರೆ. ಯಾರಾದರೂ ಗೋಡೆಗೆ ತಾಗಿದರೆ ಸಾಕು, ಗಂಟೆ ಸದ್ದು ಮಾಡುತ್ತದೆ. ಗೋಡೆಗೂ ಕಿವಿ ಇರುತ್ತದೆ ಎಂದು ಲೋಕ ಹೇಳುತ್ತದೆ. ಪರದೆಯಕ್ಕನ ಗೋಡೆಗೆ ಬಾಯಿಯೇ ಇದೆ.

ಬೆಳಗಿನ ಹೊತ್ತೇ ಯಾಕೆ ಎಂದರೆ ಅದಕ್ಕೂ ಕಾರಣ ಇದೆ. ಮರದ ಅಡ್ಡೆಯವರು ಬಾಗಿಲು ತೆರೆದು ಲಾರಿ ಬರುವಷ್ಟರಲ್ಲಿ ಅಂಗಳ ಬಿಟ್ಟುಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ಬಿಸಿಲೇರಿದರೆ ಗಾಳಿ ಏಳುತ್ತದೆ. ಗಾಳಿ ಎದ್ದರೆ ಯಾರೂ ತಾಗದೆ ಎಲ್ಲ ಗಂಟೆಗಳೂ ಒಟ್ಟಿಗೆ ಹೊಡೆದುಕೊಳ್ಳುತ್ತವೆ. "ಆಗ ನನ್ನ ಗೋಡೆ ಹೇಳೋದು ನಿಜಾನೋ ಸುಳ್ಳೋ ನನಗೇ ಗೊತ್ತಾಗಲ್ಲ," ಎಂದು ಪರದೆಯಕ್ಕ ಕ್ಲಿಪ್ಪಿನ ಸಂದಿಯಿಂದಲೇ ಹೇಳುತ್ತಾರೆ.

ಈವತ್ತು ಕಟ್ಟುತ್ತಿರುವುದು ಪಕ್ಕದ ಬೀದಿಯ ಕಂಡಕ್ಟರಮ್ಮನ ಮನೆ. ಒಡೆಯಲು ಮೇಸ್ತ್ರಿ ಬರುವುದೂ ಈವತ್ತೇ. ಯಾವ ಗೋಡೆ ಒಡೆಯಬೇಕು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಪರದೆಯಕ್ಕ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಅವರ ಮೈದುನ ಹೇಳುತ್ತಾನೆ. ಆ ಮೇಸ್ತ್ರಿ ಅವನೇ. ಮರದ ದಿಮ್ಮಿಯ ಮೇಲೆ ಕೂತು, ಸುತ್ತಿಗೆ ಇರುವ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಅತ್ತಿಗೆಯ ಗೋಡೆ ಏಳುವುದನ್ನು ನೋಡುತ್ತಿದ್ದಾನೆ. ಇನ್ನೊಂದು ಕಡೆ ಒಪ್ಪಿಕೊಂಡ ಕೆಲಸ ಕಾಯುತ್ತಿರುವುದರಿಂದ ದಿನ ಮುಂದೆ ಹಾಕುವಂತಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವ ಗಾದೆ ಹೇಳಿದವರು ಮನೆ ರಿಪೇರಿ ಮಾಡಿಸಿರಲಿಲ್ಲ ಎಂದು ಕಾಣುತ್ತದೆ. ಮಾಡಿಸಿದ್ದರೆ ಮದುವೆಯ ಸುದ್ದಿಗೇ ಹೋಗುತ್ತಿರಲಿಲ್ಲ. ಪರದೆಯಕ್ಕ ಅದನ್ನು ಕಣ್ಣಾರೆ ಕಂಡವರು. ಈ ಕೆಲಸಕ್ಕೆ ಬರುವ ಮೊದಲು ಬಹಳ ವರ್ಷ ಪರದೆ ಅಂಗಡಿಯಲ್ಲಿ ಹೊಲಿಗೆ ಮಾಡಿದರು. ಗಂಡ ತೀರಿಕೊಂಡಾಗ ಕೈಯಲ್ಲಿದ್ದದ್ದು ಅದೊಂದೇ ವಿದ್ಯೆ. ಕಿಟಕಿಯ ಅಳತೆ ತೆಗೆಯಲು ಮನೆ ಮನೆಗೆ ಹೋಗುವುದೂ ಇವರ ಪಾಲಿಗೇ ಬರುತ್ತಿತ್ತು. ಪರದೆ ಹೊಲಿಯುವವರನ್ನು ಕರೆಯುವುದು ಎಲ್ಲ ಮುಗಿದ ಮೇಲೆ. ಗಾರೆ ಒಣಗಿ, ಬಣ್ಣ ಬಳಿದು, ಮೇಸ್ತ್ರಿ ಕೈ ತೊಳೆದುಕೊಂಡು ಹೋದ ಮೇಲೆ. ಆ ಹೊತ್ತಿಗೆ ಮನೆಯವರು ಪೆಚ್ಚು ಮೋರೆ ಹಾಕಿಕೊಂಡು ಕೂತಿರುತ್ತಿದ್ದರಂತೆ. ಬಾಗಿಲು ತೆರೆದರೆ ಕಪಾಟಿಗೆ ಬಡಿಯುತ್ತದೆ. ಊಟದ ಮೇಜಿನಿಂದ ನೋಡಿದರೆ ನೇರ ಬಚ್ಚಲು ಕಾಣುತ್ತದೆ. ಹಿಂದಿನ ಕೋಣೆಗೆ ಬರುತ್ತಿದ್ದ ಬೆಳಕನ್ನು ಹೊಸ ಗೋಡೆ ನುಂಗಿಬಿಟ್ಟಿದೆ.

"ಹೋದ ಮನೆಯಲ್ಲೆಲ್ಲ ಒಂದೇ ಮಾತು ಕೇಳ್ತಿದ್ದೆ. ಇಲ್ಲೊಂದು ಪರದೆ ಹಾಕಿ ಮುಚ್ಚಿಬಿಡಿ ಅಕ್ಕಾ ಅನ್ನೋರು," ಎನ್ನುತ್ತಾರೆ ಅವರು. "ಹಾಕಿದೆ. ಎಷ್ಟು ಮನೆಯ ತಪ್ಪು ಮುಚ್ಚಿದೀನೋ ಲೆಕ್ಕ ಇಲ್ಲ. ಒಂದಿನ ಅನ್ನಿಸ್ತು, ಇದೇ ಪರದೆ ತಗೊಂಡು ಕೊನೇಲಿ ಬರೋ ಬದಲು ಮೊದಲೇ ಬಂದ್ರೆ ಏನು?"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ಎಲ್ಲರೂ ಬಲ್ಲರು. ಅದೇ ಬಾಗಿಲನ್ನು ಕೊಳ್ಳೆಗೆ ಮುಂಚೆ ಹಾಕಿ ನೋಡೋಣ ಎಂದು ಯೋಚಿಸುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅಂಗಡಿಗೆ ವಾಪಸು ಬಂದ, ಯಾರಿಗೂ ಬೇಡವಾದ ಪರದೆಗಳನ್ನು ಸಂಬಳದ ಜೊತೆ ಕೇಳಿ ಪಡೆದುಕೊಂಡು ಪರದೆಯಕ್ಕ ಕೆಲಸ ಬಿಟ್ಟರು. ಅಂಗಡಿಯವರು ತಲೆ ಕೆಟ್ಟಿದೆ ಎಂದರು. ತವರಿನವರೂ ಅದನ್ನೇ ಅಂದರು, ಸ್ವಲ್ಪ ಮೆತ್ತಗೆ.

ಮೊದಲ ಪ್ರಯೋಗ ನಡೆದದ್ದು ಮೈದುನನ ಮನೆಯ ಮೇಲೆ. ಹೊರಗಿನವರ ಮನೆ ಕೆಡಿಸುವುದಕ್ಕಿಂತ ಒಳಗಿನವರದ್ದೇ ಕೆಡಲಿ ಎಂಬ ಲೆಕ್ಕಾಚಾರವೋ ಏನೋ. ಗಂಡ ಹೆಂಡತಿಗೆ ಒಂದು ಕೋಣೆ ಹೆಚ್ಚಿಗೆ ಬೇಕಿತ್ತು. ಪರದೆಯಕ್ಕ ತಾರಸಿಯ ಮೇಲೆ ಬಟ್ಟೆ ಕಟ್ಟಿ ಕೋಣೆ ಮಾಡಿದರು. ಮಂಚ ತಂದು ಇಟ್ಟರೆ ಅಚ್ಚಿನಲ್ಲಿ ಹೊಯ್ದಂತೆ ಕೂತಿತು. ಓರಗಿತ್ತಿ ಕುಣಿದಾಡಿದಳು. ಮೈದುನ ಬಟ್ಟೆ ಇದ್ದ ಗೆರೆಯ ಮೇಲೇ ಇಟ್ಟಿಗೆ ಇಟ್ಟು, ತೂಗುಗುಂಡು ಹಿಡಿದು, ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಗೋಡೆ ಎಬ್ಬಿಸಿದ. ಮಂಚ ಒಳಗೆ ತಂದರೆ ಹಿಡಿಯಲಿಲ್ಲ. ಎಳೆದರು, ತಿರುಗಿಸಿದರು, ನಿಲ್ಲಿಸಿ ನೋಡಿದರು. ಒಂದು ಗೇಣು ಸಾಲದು.

"ಬಟ್ಟೆಗೆ ದಪ್ಪ ಇರಲ್ಲ. ಗೋಡೆಗೆ ಇರುತ್ತೆ," ಪರದೆಯಕ್ಕ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಜೀವಮಾನ ಎಲ್ಲಾ ಬಟ್ಟೆ ಮುಟ್ಟಿದ ಕೈ ನೋಡಿ, ಇಟ್ಟಿಗೆಗೂ ಒಂದು ಮೈ ಇರುತ್ತೆ ಅನ್ನೋದೇ ಹೊಳೀಲಿಲ್ಲ. ಹೊಲಿಗೆಗೆ ಅಂಚು ಬಿಡೋದು ಗೊತ್ತು, ಗೋಡೆಗೆ ಅಂಚು ಬಿಡೋದು ಗೊತ್ತಿರಲಿಲ್ಲ."

ಆವತ್ತು ಮಾತ್ರ ಅವರಿಗೆ ನಗು ಬಂದಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಮೈದುನನ ಮನೆಯಲ್ಲಿ ಹಾಸಿಗೆಯನ್ನೇ ಚಾಚಲು ಜಾಗ ಇರಲಿಲ್ಲ. ಆ ಮಂಚ ಈವತ್ತಿಗೂ ಕೋಣೆಯಲ್ಲಿ ಓರೆಯಾಗಿಯೇ ನಿಂತಿದೆ. ಮನೆಗೆ ಬಂದವರಿಗೆಲ್ಲ ಓರಗಿತ್ತಿ ಅದನ್ನು ತೋರಿಸಿ, ಇದು ನಮ್ಮ ಅಕ್ಕ ಕೊಟ್ಟ ಉಡುಗೊರೆ ಎನ್ನುತ್ತಾಳೆ. ಎಡವಿದ ಕಾಲೇ ಮತ್ತೆ ಎಡವುವುದು ಎಂಬ ಮಾತಿಗೆ ಪರದೆಯಕ್ಕ ಅವಕಾಶ ಕೊಡಲಿಲ್ಲ. ಅಂದಿನಿಂದ ಅವರು ಒಂಟಿ ಬಟ್ಟೆಯ ಗೋಡೆ ಕಟ್ಟಿಲ್ಲ. ಎರಡು ಬಟ್ಟೆ, ನಡುವೆ ಗೋಡೆಯ ದಪ್ಪಕ್ಕೆ ಸರಿಯಾದ ಮರದ ಪಟ್ಟಿ, ಕೆಳಗಿನ ಅಂಚಿನಲ್ಲಿ ನೆಟ್ಟಗೆ ಇಳಿಬೀಳಲೆಂದು ಮರಳು ತುಂಬಿದ ಕೊಳವೆ. ತಪ್ಪು ಮಾಡಿದ್ದು ಒಂದೇ ಸಲ, ಅದೂ ಮನೆಯೊಳಗೇ.

ವರ್ಷಕ್ಕೆ ಹತ್ತು ಹನ್ನೆರಡು ಮನೆ ಹೀಗೆ ಎದ್ದು ಬೀಳುತ್ತವೆ. ಕಷ್ಟ ಇಲ್ಲವೆಂದಲ್ಲ. ಏಣಿ ಹತ್ತಿ ಇಳಿದು ಮಂಡಿ ಸವೆದಿದೆ, ಕ್ಲಿಪ್ ಕಚ್ಚಿ ಮುಂದಿನ ಹಲ್ಲೊಂದು ಮುಕ್ಕಾಗಿದೆ. ಬಟ್ಟೆಯನ್ನು ನಂಬುವವರು ಕಡಿಮೆ. ಗಂಡಸರಿಗಂತೂ ಇಲ್ಲದ ಬಾಗಿಲನ್ನು ತೆರೆದು ಇಲ್ಲದ ಗೋಡೆಯನ್ನು ಬಳಸಿ ನಡೆಯಲು ವಿಪರೀತ ನಾಚಿಕೆ. ಒಬ್ಬ ಯಜಮಾನರು ಬಟ್ಟೆ ಮನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಹೊರಗೆ ನಿಂತಿದ್ದರು. ಹೆಂಡತಿ ಒಳಗಿನಿಂದ, ನನ್ನ ಅಡುಗೆಮನೆಗೆ ನೀವು ಯಾವತ್ತು ಕಾಲಿಟ್ಟಿದ್ದೀರಿ ಎಂದ ಮೇಲೆ ಬಂದರು. ಜಗಳಗಳಂತೂ ಬೇಕಾದಷ್ಟು. ಬಟ್ಟೆ ಗೋಡೆಯ ಮನೆಯಲ್ಲಿ ಜಗಳವಾಡಿದರೆ ಇಡೀ ಬೀದಿಗೆ ಕೇಳಿಸುತ್ತದೆ ಎಂಬ ಎಚ್ಚರಿಕೆಯನ್ನು ಪರದೆಯಕ್ಕ ಮೊದಲ ದಿನವೇ ಕೊಟ್ಟಿರುತ್ತಾರೆ. ಯಾರೂ ಕೇಳುವುದಿಲ್ಲ. ಬೀದಿ ಮಾತ್ರ ಕೇಳಿಸಿಕೊಳ್ಳುತ್ತದೆ.

ಕಂಡಕ್ಟರಮ್ಮನ ಮನೆಯಲ್ಲಿ ನಡೆಯುತ್ತಿರುವುದು ಜಗಳ ಎನ್ನಲು ಮನಸ್ಸು ಬರುವುದಿಲ್ಲ. ಅಲ್ಲಿ ಇಬ್ಬರದ್ದೂ ಸರಿ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದ ಹೆಂಗಸು ಆಕೆ. "ಓಡೋ ಬಸ್ಸಲ್ಲಿ ಒಂದು ದಿನ ಬಿದ್ದವಳಲ್ಲ. ನಿಂತ ಬಸ್ಸಿಂದ ಇಳಿಯುವಾಗ ಬಿದ್ದೆ," ಎಂದು ತಾವೇ ಹೇಳಿ ನಗುತ್ತಾರೆ. ಬೆನ್ನುಮೂಳೆಗೆ ಪೆಟ್ಟಾಗಿ ಕಾಲುಗಳ ಬಲ ಹೋಯಿತು. ಈಗ ಗಾಲಿಕುರ್ಚಿ. ಮನೆಯಲ್ಲಿ ಇರುವುದು ಅವರು ಮತ್ತು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗ. ಕೆಲವು ತಿಂಗಳ ಹಿಂದೆ ಮಗ ಕೆಲಸಕ್ಕೆ ಹೋದಾಗ ಅಮ್ಮ ನೀರು ಕುಡಿಯಲೆಂದು ಅಡುಗೆಮನೆಗೆ ಹೊರಟರು. ತಿರುವಿನಲ್ಲಿ ಕುರ್ಚಿ ಗೋಡೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಬಗ್ಗಿದವರು ಮುಗ್ಗರಿಸಿ ಬಿದ್ದರು. ಮಧ್ಯಾಹ್ನ ಮಗ ಊಟಕ್ಕೆ ಬರುವ ತನಕ ನೆಲದ ಮೇಲೇ ಇದ್ದರು.

ಮಗ ಅಂದೇ ನಿರ್ಧಾರ ಮಾಡಿದ. ಮುಂದಿನ ಎರಡು ಕೋಣೆಯ ನಡುವಿನ ಗೋಡೆ ಒಡೆಸಿ ಒಂದು ದೊಡ್ಡ ಕೋಣೆ ಮಾಡುವುದು. ಅಮ್ಮನ ಮಂಚ ಅಲ್ಲಿ, ಕೈಗೆಟುಕುವಲ್ಲಿ ನೀರು, ಟೀವಿ, ಕರೆಯಲು ಒಂದು ಗುಂಡಿ, ಹಗಲು ನೋಡಿಕೊಳ್ಳಲು ಒಬ್ಬರು. ಅವನ ಮುಖ ನೋಡಿದರೆ ಅವನು ಹೇಳುವುದು ಆಸೆಯಿಂದಲ್ಲ, ಹೆದರಿಕೆಯಿಂದ ಎನ್ನುವುದು ತಿಳಿಯುತ್ತದೆ. "ಅಮ್ಮ ನೆಲದ ಮೇಲೆ ಬಿದ್ದಿದ್ದು ಇನ್ನೂ ಕಣ್ಣ ಮುಂದೆ ಇದೆ. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ," ಎನ್ನುತ್ತಾನೆ ಅವನು.

ಅಮ್ಮನಿಗೆ ಬೇಕಾಗಿರುವುದೇ ಬೇರೆ. ಹಿಂದಿನ ತಮ್ಮ ಕೋಣೆ ಹಾಗೇ ಇರಲಿ, ಅದರ ಪಕ್ಕದಲ್ಲೊಂದು ಬಚ್ಚಲು ಆಗಲಿ, ಅಲ್ಲಿಂದ ಅಡುಗೆಮನೆಗೆ ತಾವೇ ಹೋಗುವಂತಾಗಲಿ. ಬೆಳಗ್ಗೆ ಎದ್ದು ಯಾರನ್ನೂ ಕೂಗದೆ ಒಂದು ಲೋಟ ನೀರು ತಾವೇ ಕುಡಿಯಬೇಕು. "ಇವನು ನನ್ನನ್ನ ಮುಂದಿನ ಸೀಟಿನ ಹತ್ತಿರ ಲಗೇಜ್ ಇಟ್ಟ ಹಾಗೆ ಇಡ್ತಾನಂತೆ. ನಾನು ಕಂಡಕ್ಟರ್. ಬಸ್ಸಿನ ತುಂಬ ಓಡಾಡಿದವಳು," ಎಂದರಂತೆ ಪರದೆಯಕ್ಕನ ಮುಂದೆ. ಕೈಲಿರುವ ದುಡ್ಡಿಗೆ ಎರಡರಲ್ಲಿ ಒಂದೇ ಆಗಲು ಸಾಧ್ಯ. ಕೊನೆಗೆ ಮಗನೇ ಒಂದು ದಾರಿ ಹೇಳಿದ. ಬಟ್ಟೆ ಮನೆಯಲ್ಲಿ ಅಮ್ಮ ಒಬ್ಬರೇ, ಯಾರ ಕೈಯನ್ನೂ ಹಿಡಿಯದೆ, ಒಂದು ಗಂಟೆಯೂ ಸದ್ದು ಮಾಡದ ಹಾಗೆ ಒಂದು ಸುತ್ತು ಬರಲಿ; ಬಂದರೆ ಅವರು ಹೇಳಿದ ಹಾಗೆ. ಮೇಸ್ತ್ರಿ ಬರುವ ದಿನದ ತನಕ ಆಗದಿದ್ದರೆ ತಾನು ಹೇಳಿದ ಹಾಗೆ. ಅಮ್ಮ ಒಪ್ಪಿದರು. ಪರದೆಯಕ್ಕ ಒಪ್ಪಿದ ಮೇಲೆ ಮನೆಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತರು.

ಮೊದಲ ದಿನ ಬಚ್ಚಲಿನ ಬಾಗಿಲಲ್ಲಿ ಗಂಟೆ ಹೊಡೆಯಿತು. ಬಾಗಿಲನ್ನು ಹೊರಗೆ ತೆರೆಯುವಂತೆ ಮಾಡಿದ್ದಕ್ಕೆ ಅದು ಸರಿಹೋಯಿತು. ತಿರುವು ಮಾತ್ರ ಬಗ್ಗಲಿಲ್ಲ. ಪ್ರತಿ ದಿನ, ಪ್ರತಿ ಸಲ, ಹಾದಿಯಿಂದ ಅಡುಗೆಮನೆಯ ಕಡೆ ಹೊರಳುವಾಗ ಅಮ್ಮನ ಮೊಣಕೈ ಬಟ್ಟೆಗೆ ತಾಗಿ ಗಂಟೆ ಸದ್ದಾಗುತ್ತಿತ್ತು. ಅವರ ಬಸ್ಸಿನಲ್ಲಿ ಗಂಟೆಯ ಹಗ್ಗವನ್ನು ಒಂದು ಸಲ ಎಳೆದರೆ ನಿಲ್ಲಿಸು ಎಂದರ್ಥ, ಎರಡು ಸಲ ಎಳೆದರೆ ಹೊರಡು. ತಿರುವಿನಲ್ಲಿ ಗಂಟೆ ಹೊಡೆದಾಗಲೆಲ್ಲ ಕಂಡಕ್ಟರಮ್ಮ ತಾವೇ, "ಸ್ಟಾಪು," ಎನ್ನುತ್ತಿದ್ದರು. ಮೊದಲ ದಿನ ಅದಕ್ಕೆ ಎಲ್ಲರೂ ನಕ್ಕರು. ಆಮೇಲೆ ಯಾರಿಗೂ ನಗು ಬರಲಿಲ್ಲ.

ಹಾದಿಯನ್ನು ಅಗಲ ಮಾಡೋಣ ಎಂದರೆ ಒಂದು ಕಡೆ ಪಕ್ಕದ ಮನೆಯವರ ಗೋಡೆ. ಇನ್ನೊಂದು ಕಡೆ ಮೊದಲು ಬಚ್ಚಲು, ಆಮೇಲೆ ಮಗನ ಕೋಣೆ. ಬಚ್ಚಲಲ್ಲಿ ಒಂದು ಗೇಣು ಬಿಡುವಂತಿಲ್ಲ. ಮಗನ ಕೋಣೆಯ ಗೋಡೆ ಸರಿಸಬಹುದೇ ಎಂದು ಮೈದುನನನ್ನು ಕೇಳಿದರೆ ಅವನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಮಾಡಿದರೆ ಮಾಡಬಹುದು, ಬಿಟ್ಟರೆ ಬಿಡಲೂಬಹುದು ಎಂದ. ನಿನ್ನೆ ಬೆಳಗ್ಗೆ ಕೊನೆಯ ಸಲವೆಂಬಂತೆ ಅಮ್ಮ ತಿರುಗಿದರು, ಮೊಣಕೈ ತಾಗಿತು. ಪರದೆಯಕ್ಕ ಈ ಸಲ ಗಂಟೆಯ ಕಡೆ ಗಮನ ಕೊಡದೆ ಬಟ್ಟೆಯನ್ನು ನೋಡುತ್ತ ನಿಂತರು. ಮಗನ ಕೋಣೆಯ ಮೂಲೆಯಿಂದ ಗೆರೆಗೆರೆಯಾಗಿ ಸುಕ್ಕು ಎದ್ದಿತ್ತು. ಅಂಗಿಯ ತೋಳು ಕೂರಿಸುವಾಗ ಕಂಕುಳಲ್ಲಿ ಬಟ್ಟೆ ಸೆಳೆದರೆ ಏಳುವುದೂ ಅಂಥದೇ ಸುಕ್ಕು. ಅದನ್ನು ಅವರು ಸಾವಿರ ಸಲ ಕಂಡಿದ್ದಾರೆ.

"ತಿರುವಲ್ಲಿ ಬಟ್ಟೆ ಸೆಳೆದ್ರೆ ಇಡೀ ಅಂಗಿ ಬಿಚ್ಚೋದಿಲ್ಲ ಕಣಪ್ಪ," ಎಂದರು ಮೈದುನನಿಗೆ. "ಮೂಲೆಗೊಂದು ಕತ್ತರಿ ಕೊಡ್ತೀವಿ. ಸಡಿಲ ಆಗುತ್ತೆ."

ಮೂಲೆಯ ಕಂಬವನ್ನು ಕಿತ್ತು, ಅದರ ಎರಡು ಪಕ್ಕಕ್ಕೆ ಎರಡು ಕಂಬ ನೆಟ್ಟು, ನಡುವೆ ಬಟ್ಟೆಯನ್ನು ಓರೆಯಾಗಿ ಎಳೆದು ಕಟ್ಟಿದರು. ಚೂಪು ಮೂಲೆ ಇದ್ದಲ್ಲಿ ಈಗ ಸಣ್ಣದೊಂದು ಓರೆ ಗೋಡೆ. ಆಗಲೇ ಓರೆ ಮಂಚ ಕೊಟ್ಟಿದ್ದೀರಿ ಅತ್ತಿಗೆ, ಈಗ ಓರೆ ಗೋಡೆಯಾ ಎಂದು ಮೈದುನ ಕೆಣಕಿದ. ಆದರೆ ತಕ್ಷಣ ಎದ್ದು ಕಂಡಕ್ಟರಮ್ಮನ ಮನೆಗೆ ಹೋದ. ಆ ಮೂಲೆಯನ್ನು ತಟ್ಟಿ, ಸೂರಿನ ಕಡೆ ಕತ್ತೆತ್ತಿ ನೋಡಿ, ತಾರಸಿ ಹತ್ತಿ ಇಳಿದು ಬಂದು, ಅದರ ಮೇಲೆ ಭಾರ ಕೂತಿಲ್ಲ, ಧಾರಾಳವಾಗಿ ಕತ್ತರಿಸಬಹುದು ಎಂದ. ಈ ಸಲ ದೀಪವನ್ನು ಅಡ್ಡಗೋಡೆಯ ಮೇಲಿಡಲಿಲ್ಲ. ಉಳಿದದ್ದು ಮಗ. ಕತ್ತರಿಸಿದರೆ ಹೋಗುವುದು ಅವನ ಕೋಣೆಯ ಮೂಲೆ, ಅಲ್ಲಿ ಅವನ ಕಪಾಟು ಇದೆ. ಬಟ್ಟೆ ಮನೆಯಲ್ಲಿ ಆ ಕಪಾಟಿನ ಬದಲು ಒಂದು ಹಳೆಯ ಪೆಟ್ಟಿಗೆ ಇಟ್ಟಿದ್ದರು. ಮಗ ಹೋಗಿ ಪೆಟ್ಟಿಗೆಯನ್ನು ತಾನೇ ಎಳೆದು ಆಚೆ ಇಟ್ಟ. ಅಷ್ಟರಲ್ಲಿ ಗಾಳಿ ಎದ್ದು ಗಂಟೆಗಳೆಲ್ಲ ಗಲಗಲ ಎಂದವು. ಪರೀಕ್ಷೆ ಈವತ್ತಿಗೆ ಉಳಿಯಿತು.

ಈಗ ಬೆಳಕು ಪೂರ್ತಿ ಹರಿದಿದೆ. ಮಗ ಅಮ್ಮನನ್ನು ಕರೆತಂದು ಬಟ್ಟೆ ಕೋಣೆಯ ಮಂಚದ ಮೇಲೆ ಕೂರಿಸಿ ದೂರ ಸರಿದಿದ್ದಾನೆ. ಅವನ ಎರಡು ಕೈಗಳೂ ಬೆನ್ನ ಹಿಂದೆ ಇವೆ. ಮುಂದೆ ಇದ್ದರೆ ಎಲ್ಲಿ ಓಡಿ ಹೋಗಿ ಹಿಡಿದುಬಿಡುತ್ತಾನೋ ಎಂದು ಅವನಿಗೇ ಭಯವಿರಬೇಕು. ಪರದೆಯಕ್ಕ ಗಾಳಿ ಇದೆಯೇ ಎಂದು ಒದ್ದೆ ಬೆರಳು ಎತ್ತಿ ನೋಡುತ್ತಾರೆ. ಇಲ್ಲ. ನಿನ್ನ ಕೋಣೆ ಕಟ್ಟುವಾಗಲೂ ಇಷ್ಟು ಹೆದರಿರಲಿಲ್ಲ ಎಂದು ಮೈದುನನ ಕಿವಿಯಲ್ಲಿ ಹೇಳುತ್ತಾರೆ.

ಕಂಡಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ತೋಳಿನ ಬಲದ ಮೇಲೆ ಮಂಚದಿಂದ ಅದಕ್ಕೆ ಇಳಿಯುತ್ತಾರೆ. ಬಚ್ಚಲಿಗೆ ಹೋಗುತ್ತಾರೆ, ಆನೆಗಳ ಪಕ್ಕದಲ್ಲಿ ಹಿಂದೆ ಮುಂದೆ ಮಾಡಿ ತಿರುಗುತ್ತಾರೆ, ಹೊರಗೆ ಬರುತ್ತಾರೆ. ಹಾದಿಯಲ್ಲಿ ಚಕ್ರಗಳು ಒಂದೇ ಸಮನೆ ಉರುಳುತ್ತವೆ. ತಿರುವಿನ ಹತ್ತಿರ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹೊರಳುತ್ತಾರೆ. ಗುಲಾಬಿ ಹೂವಿನ ಓರೆ ಗೋಡೆ ಅವರ ತೋಳಿನ ಪಕ್ಕದಲ್ಲೇ ಸರಿದು ಹಿಂದೆ ಉಳಿಯುತ್ತದೆ. ಅದು ಅಲ್ಲಾಡುವುದಿಲ್ಲ. ಗಂಟೆಗಳು ಬಾಯಿ ಬಿಡುವುದಿಲ್ಲ.

ಅಡುಗೆಮನೆಯಲ್ಲಿ ಹಲಗೆಯ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು, ಪಕ್ಕದಲ್ಲೊಂದು ಲೋಟ ಇದೆ. ಅಮ್ಮ ನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯುತ್ತಾರೆ. ಅವಸರ ಮಾಡುವುದಿಲ್ಲ. ಪೂರ್ತಿ ಕುಡಿದು, ಲೋಟವನ್ನು ಬೋರಲು ಹಾಕಿ, ಬಂದ ದಾರಿಯಲ್ಲೇ ಅದೇ ತಿರುವನ್ನು ದಾಟಿ ಹಿಂದಿರುಗುತ್ತಾರೆ. ಒಂದು ಗಂಟೆಯೂ ಸದ್ದು ಮಾಡುವುದಿಲ್ಲ. ಮಗ ಬೆನ್ನ ಹಿಂದಿನ ಕೈ ತೆಗೆದು ಮುಖ ಒರೆಸಿಕೊಳ್ಳುತ್ತಾನೆ. ಸೋತವನ ಮುಖದಲ್ಲಿ ಇಷ್ಟು ಸಂತೋಷವನ್ನು ಈ ಅಂಗಳ ಹಿಂದೆ ಕಂಡಿರಲಾರದು. ಅಮ್ಮ ಹೇಳಿದ ಹಾಗೇ ಮಾಡಿ ಎಂದು ಮೇಸ್ತ್ರಿಗೆ ಹೇಳುತ್ತಾನೆ.

ಮೈದುನ ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಾನೆ. "ಹಾಗಾದ್ರೆ ಹೊರಡ್ಲಾ ಅತ್ತಿಗೆ?"

"ನನ್ನನ್ನೇನು ಕೇಳ್ತೀಯ? ಕಂಡಕ್ಟರ್ ಅವರು. ಅವರನ್ನ ಕೇಳು," ಎನ್ನುತ್ತಾರೆ ಪರದೆಯಕ್ಕ.

ಕಂಡಕ್ಟರಮ್ಮ ಕುರ್ಚಿಯನ್ನು ಓರೆ ಗೋಡೆಯ ಹತ್ತಿರ ತರುತ್ತಾರೆ. ಇಷ್ಟು ದಿನ ತಪ್ಪಿಸಿಕೊಳ್ಳಲು ಹೆಣಗಿದ್ದ ಅದೇ ಬಟ್ಟೆಯ ಮೇಲೆ ಕೈ ಇಟ್ಟು, ಒಂದು ಕಿರುಗಂಟೆಯನ್ನು ಹುಡುಕಿ, ಬೆರಳಿನಿಂದ ಎರಡು ಸಲ ಬಾರಿಸುತ್ತಾರೆ.

ಮೈದುನ ನಗುತ್ತ ಬಾಗಿಲ ಕಡೆ ಹೊರಡುತ್ತಾನೆ. ಪರದೆಯಕ್ಕ ಕಣ್ಣು ಒರೆಸಿಕೊಂಡು, ಆಗಲೇ ಏಣಿ ಹತ್ತಿ, ಮೊದಲ ಕ್ಲಿಪ್ ತೆಗೆದು ಬಾಯಿಗೆ ಕಚ್ಚಿಕೊಂಡಿದ್ದಾರೆ. "ನಿಲ್ಲಪ್ಪ, ಎಲ್ಲಿಗೆ ಓಡ್ತೀಯ," ಎಂದು ಮೇಲಿನಿಂದಲೇ ಅವನನ್ನು ಕರೆಯುತ್ತಾರೆ. "ಬಾ, ಆ ಕಡೆ ತುದಿ ಹಿಡಿ. ನೀನು ಗೋಡೆ ಒಡೆಯೋ ಮುಂಚೆ ನನ್ನ ಗೋಡೆ ಮಡಚಿ ಇಟ್ಕೊಳ್ತೀನಿ."